ಅಕ್ಕನ ಮನೆಯಲ್ಲಿ ಮದುಮಗಳ ಮಂಚ

ಬೈಲಹೊಂಗಲದ ಆ ಮನೆಯನ್ನು ಖಾಲಿಯಾಗಿ ನೆನಪಿಸಿಕೊಳ್ಳಲು ನನಗೆ ಆಗುವುದಿಲ್ಲ. ಎಷ್ಟು ಪ್ರಯತ್ನಿಸಿದರೂ ಪಡಸಾಲೆಯಲ್ಲಿ ಕೆಂಪು ರೆಕ್ಸಿನ್ ಸೋಫಾ ಕಾಣುತ್ತದೆ, ಒಳಕೋಣೆಯಲ್ಲಿ ದೊಡ್ಡ ಮಂಚ, ಅದರ ಪಕ್ಕ ಕನ್ನಡಿ ಇರುವ ತಿಜೋರಿ, ಬಟ್ಟೆ ಇಡುವ ಕಬ್ಬಿಣದ ಕಪಾಟಿಗೆ ನಮ್ಮ ಕಡೆ ಹಾಗೆನ್ನುತ್ತಾರೆ. ದಿನಚರಿ ತೆಗೆದು ನೋಡಿದರೆ ಬೇರೆಯೇ ಇದೆ. ಮನೆ ಖಾಲಿ ಬಿದ್ದಿದ್ದು ಏಳು ತಿಂಗಳು, ಆ ಸಾಮಾನು ಅಲ್ಲಿದ್ದದ್ದು ಒಂದೂವರೆ ತಿಂಗಳು. ಸೋಫಾ ಕೆಂಪಗಿತ್ತು ಎಂದು ನಾನು ಎಲ್ಲಿಯೂ ಬರೆದಿಲ್ಲ. ಅಕ್ಕನನ್ನು ಕೇಳಿದರೆ "ಹಸರ ಇತ್ತಲ್ಲೋ" ಅನ್ನುತ್ತಾಳೆ. ಹಾಗಾಗಿ ಬಣ್ಣದ ವಿಷಯದಲ್ಲಿ ನನ್ನನ್ನು ನಂಬಬೇಕಾಗಿಲ್ಲ. ಉಳಿದದ್ದನ್ನು ದಿನಚರಿಯ ಪಕ್ಕದಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ಮನೆ ಅಕ್ಕನದು. ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿದ್ದ ಆಕೆ ತನ್ನ ಸಂಬಳದಲ್ಲೇ ಊರ ಹೊರಗಿನ ಹೊಸ ಬಡಾವಣೆಯಲ್ಲಿ ಮೂರು ಕೋಣೆ ಕಟ್ಟಿಸಿದ್ದಳು. ಗೃಹಪ್ರವೇಶವಾಗಿ ಎರಡು ವರ್ಷವೂ ಆಗಿರಲಿಲ್ಲ, ಸವದತ್ತಿಗೆ ವರ್ಗವಾಯಿತು. ಅವಳ ಬಲಗಾಲು ಚಿಕ್ಕಂದಿನಿಂದಲೂ ಸೊರಗಿದ್ದು. ದಿನಾ ಬಸ್ಸಿನಲ್ಲಿ ಹೋಗಿ ಬರುವುದು ಸಾಧ್ಯವಿರಲಿಲ್ಲ. ಸಾಮಾನು ಕಟ್ಟಿಕೊಂಡು ಹೋದಳು. ಅಲ್ಲಿ ಸಿಕ್ಕಿದ್ದು ಮಹಡಿಯ ಮೇಲಿನ ಒಂದು ಕೋಣೆ. ಹದಿನೇಳು ಕಲ್ಲಿನ ಮೆಟ್ಟಿಲು, ಹಿಡಿದುಕೊಳ್ಳಲು ಏನೂ ಇಲ್ಲ, ನಲ್ಲಿ ಕೆಳಗೆ. ಒಂದು ಭಾನುವಾರ ನಾನು ಹೋದಾಗ ಆಕೆ ನೀರಿನ ಕೊಡವನ್ನು ಮೇಲಿನ ಮೆಟ್ಟಿಲಿಗಿಟ್ಟು, ಕುಳಿತು, ತಾನು ಒಂದು ಮೆಟ್ಟಿಲು ಸರಿದು, ಮತ್ತೆ ಕೊಡವನ್ನೆತ್ತಿ ಮುಂದಿನದಕ್ಕಿಡುತ್ತಿದ್ದಳು. ನನ್ನನ್ನು ನೋಡಿ ನಕ್ಕಳು. ಇದು ದಿನಚರಿಯಲ್ಲಿದೆ, ಖಚಿತ.

ಅವಳ ಶಾಲೆಯ ಹಿಂದೆಯೇ ನೆಲಮಟ್ಟದ ಒಂದು ಸಣ್ಣ ಮನೆ ಮಾರಾಟಕ್ಕಿತ್ತು. ಅದರ ಮಾಲೀಕರು ನಿವೃತ್ತ ಮಾಸ್ತರರು. "ಅಕ್ಕೋರ, ನಿಮ್ಮ ಕಾಲ ನೋಡಿ ಹೇಳತೇನಿ, ಬಸವ ಜಯಂತಿ ತನಕ ಯಾರಿಗೂ ಕೊಡಂಗಿಲ್ಲ. ಆಮ್ಯಾಲ ನನ್ನ ಕೇಳಬ್ಯಾಡ್ರಿ" ಎಂದಿದ್ದರು. ನಮ್ಮ ಕಡೆ ಶಾಲೆಯ ಶಿಕ್ಷಕಿಯರನ್ನು ಅಕ್ಕೋರು ಎಂದೇ ಕರೆಯುವುದು. ಬೈಲಹೊಂಗಲದ ಮನೆ ಅಷ್ಟರೊಳಗೆ ಮಾರಿ ಹಣ ಬರದಿದ್ದರೆ ಸವದತ್ತಿಯ ಮನೆ ಸಿಗುತ್ತಿರಲಿಲ್ಲ.

ಬೀಗದ ಕೈ ನನ್ನ ಬಳಿ ಇತ್ತು. ಧಾರವಾಡದಲ್ಲಿ ಎಂ.ಎ. ಮುಗಿಸಿ ಬಂದು ನಾನು ಬೈಲಹೊಂಗಲದ ಕಾಲೇಜೊಂದರಲ್ಲಿ ಅರೆಕಾಲಿಕ ಉಪನ್ಯಾಸಕನಾಗಿದ್ದೆ. ಹೆಂಡತಿಯೊಂದಿಗೆ ಬಸ್ ನಿಲ್ದಾಣದ ಬಳಿ ಬಾಡಿಗೆಗೆ ಇದ್ದೆ. ಮನೆ ನೋಡಲು ಬಂದವರಿಗೆಲ್ಲ ನಾನೇ ಬಾಗಿಲು ತೆರೆಯುತ್ತಿದ್ದೆ. ಬಂದವರೆಲ್ಲ ಒಂದೇ ಮಾತು ಆಡುತ್ತಿದ್ದರು: ಸಣ್ಣದು.

"ಹತ್ತ ಬಾಯ್ ಹನ್ನೆರಡ ಐತ್ರಿ" ಎನ್ನುತ್ತಿದ್ದೆ.

"ಕಾಣವಲ್ದಲ್ರಿ ಅಷ್ಟು."

ಟೇಪು ಹಿಡಿದು ತೋರಿಸಿದರೂ ಅವರಿಗೆ ಅದು ಅಂಕಿ ಅಷ್ಟೇ. ಒಬ್ಬ ಕಿರಾಣಿ ವ್ಯಾಪಾರಿ ಟವೆಲ್ಲು ಹಾಸಿ ಒಳಕೋಣೆಯ ನೆಲದ ಮೇಲೆ ಉದ್ದಕ್ಕೆ ಮಲಗಿಯೇಬಿಟ್ಟರು. ಛಾವಣಿ ನೋಡುತ್ತ, "ನಾ ಅಡ್ಡಾದ್ರ ಇಲ್ಲಿಗೆ ಮುಗೀತು. ನಮ್ಮಾಕಿ ಎಲ್ಲಿ ಅಡ್ಡಾಗಬೇಕ್ರಿ, ಅಂಗಳದಾಗ?" ಎಂದರು. ಅವರ ಹೆಂಡತಿ "ನೀವ ಅಂಗಳದಾಗ ಮಲಗ್ರಿ" ಎಂದು ಹೊರಗೆ ಹೋದರು.

ಉಪಾಯ ಹೇಳಿದವರು ಚಾಚಾ. ಅಕ್ಕನ ಮನೆಯ ಬಾಗಿಲು, ಕಿಟಕಿ ಮಾಡಿದ ಬಡಿಗರು ಅವರು. ಪೇಟೆಯ ದಾರಿಯಲ್ಲಿ ಅವರದೊಂದು ಫರ್ನಿಚರ್ ಅಂಗಡಿ, ಹಿಂದೆ ತಗಡು ಹೊದಿಸಿದ ಪತ್ರಾಸಿನ ಶೆಡ್ಡು. ಆ ವರ್ಷ ಅವರಿಗೆ ಸಾಲಹಳ್ಳಿಯ ಒಕ್ಕಲುತನದ ಮನೆಯೊಂದರಿಂದ ಮದುವೆ ಸಾಮಾನಿನ ಆರ್ಡರು ಬಂದಿತ್ತು. ಮಗಳ ಜೊತೆ ಕಳಿಸುವ ಮಂಚ, ಸೋಫಾ, ಕನ್ನಡಿ ಮೇಜು, ಬೇರೆ ಕಡೆಯಿಂದ ತರಿಸಿದ ಕಬ್ಬಿಣದ ತಿಜೋರಿ. ಎಲ್ಲ ಬೇಗನೆ ತಯಾರಾಗಿತ್ತು, ಒಯ್ಯುವುದು ಮಾತ್ರ ಬಸವ ಜಯಂತಿಗೆ ಒಂದೆರಡು ದಿನ ಮುಂಚೆ. ಅಲ್ಲಿಯತನಕ ಶೆಡ್ಡಿನ ಕಾವಿಗೆ ಮಂಚಕ್ಕೆ ಅಂಟಿಸಿದ ಸನ್‌ಮೈಕಾ ಏಳುತ್ತಿತ್ತು.

"ಅಕ್ಕೋರ, ಖಾಲಿ ಮನಿ ಯಾವತ್ತೂ ಸಣ್ಣದ ಕಾಣತೈತಿ" ಎಂದರು ಚಾಚಾ, ಊರಿಗೆ ಬಂದಿದ್ದ ಅಕ್ಕನಿಗೆ. "ಚೌಕಟ್ಟ ಕುಂದ್ರಸಾಕ ಎಷ್ಟ ಮನಿ ತಿರಗೇನಿ, ನನಗ ಗೊತ್ತಿಲ್ಲೇನು? ನನ್ನ ಮಂಚ ಬಿಸಲಾಗ ಬೇಯಾಕತ್ತೈತಿ. ನಿಮ್ಮ ಮನ್ಯಾಗ ನೆರಳೈತಿ. ತಂದ ಇಡತೇನಿ. ನನಗೂ ಛಲೋ, ನಿಮಗೂ ಛಲೋ."

ಸಾಲಹಳ್ಳಿಯವರನ್ನೂ ಕೇಳಿದರು. ಮಂಚದ ಮೇಲೆ ಯಾರೂ ಕುಳಿತುಕೊಳ್ಳಬಾರದು, ಪ್ಲಾಸ್ಟಿಕ್ ತೆಗೆಯಬಾರದು ಎಂಬ ಷರತ್ತಿನ ಮೇಲೆ ಅವರು ಒಪ್ಪಿದರು. ಮದುಮಗಳ ಮಂಚವಲ್ಲವೆ.

ಸಾಮಾನು ಜೋಡಿಸಿದ ದಿನ ನಾನು ಸುಮ್ಮನೆ ನಿಂತು ನೋಡಿದೆ. ಗೋಡೆಗೆ ಒತ್ತಿ ಇಡಬಹುದೆಂದು ನನ್ನ ಲೆಕ್ಕ. ಚಾಚಾ ಒಪ್ಪಲಿಲ್ಲ. ಮಂಚದ ಎರಡೂ ಬದಿಗೆ ಒಬ್ಬರು ಹೋಗುವಷ್ಟು ಜಾಗ ಬಿಟ್ಟರು. ತಿಜೋರಿಯ ಬಾಗಿಲು ಪೂರ್ತಿ ತೆರೆದು ಮುಚ್ಚಿ ನೋಡಿದರು. ಆಮೇಲೆ ಮಂಚದ ತಲೆ ಯಾವ ಕಡೆ ಎಂಬ ವಿಚಾರ.

"ನಿಮ್ಮವರು ಉತ್ತರಕ್ಕ ತಲಿ ಹಾಕಂಗಿಲ್ಲ. ನಮ್ಮವರು ಪಶ್ಚಿಮಕ್ಕ ಕಾಲ ಚಾಚಂಗಿಲ್ಲ. ಗಿರಾಕಿ ಯಾರ ಬರತಾರೋ ಯಾರಿಗ್ಗೊತ್ತು. ದಕ್ಷಿಣಕ್ಕ ತಲಿ ಇಡೂಣು, ಎಲ್ಲಾರಿಗೂ ನಡೀತೈತಿ."

ಹಾಗೆಯೇ ಇಟ್ಟರು. ಕೋಣೆ ನಿಜವಾಗಿಯೂ ದೊಡ್ಡದಾಗಿ ಕಂಡಿತು. ಇಷ್ಟೆಲ್ಲ ಹಿಡಿಸಿಯೂ ನಡೆದಾಡಲು ಜಾಗ ಉಳಿದಿದೆಯಲ್ಲ ಎಂದು ಕಣ್ಣಿಗೆ ಅನ್ನಿಸುತ್ತಿತ್ತು.

ಆದರೆ ಮೊದಲು ಬಂದ ಮೂರು ಮಂದಿ ಮನೆಯ ಮಾತೇ ಎತ್ತಲಿಲ್ಲ. ಹೊಸ ಸಾಮಾನು, ಮೇಲೆ ಮಿಂಚುವ ಪ್ಲಾಸ್ಟಿಕ್ಕು. "ಮನಿ ಇರ್ಲಿ ಬಿಡ್ರಿ, ಈ ಮಂಚ ಎಷ್ಟಕ್ಕ ಕೊಡ್ತೀರಿ?" ಎಂದರು. ಚಾಚಾಗೆ ಎರಡು ಆರ್ಡರು ಸಿಕ್ಕವು. ರಜೆಗೆ ಬಂದಿದ್ದ ಅಕ್ಕ ಕೇಳಿಯೇಬಿಟ್ಟಳು: "ಚಾಚಾ, ಮಾರಾಕತ್ತಿದ್ದು ನನ್ನ ಮನೀನೋ ನಿಮ್ಮ ಮಂಚಾನೋ?"

ಚಾಚಾ ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡರು. "ಒಲಿ ಇಲ್ದ ಮನಿ ಅಂಗಡಿ ಕಂಡಂಗ ಕಾಣತೈತ್ರಿ ಅಕ್ಕೋರ. ಅದು ನನ್ನ ಕೈಲಿ ಆಗೂದಲ್ಲ, ನೀವ ಮಾಡ್ಬೇಕು."

ಇಲ್ಲಿಂದ ಮುಂದಿನದರಲ್ಲಿ ನನ್ನ ತಪ್ಪು ಎಷ್ಟು ಎಂಬುದನ್ನು ನಾನು ಇಂದಿಗೂ ತೀರ್ಮಾನಿಸಿಲ್ಲ. ಅಡುಗೆಮನೆಯಲ್ಲಿ ರೊಟ್ಟಿಯ ಹಂಚು, ಬುಟ್ಟಿ, ನಾಲ್ಕು ಡಬ್ಬಿ ಇಟ್ಟವಳು ಅಕ್ಕ. ಗೋಡೆಗೆ ಕ್ಯಾಲೆಂಡರ್ ಹೊಡೆದದ್ದು ನಾನು. ಬಾಗಿಲಲ್ಲಿ ನನ್ನ ಹಳೆಯ ಚಪ್ಪಲಿ ಬಿಟ್ಟದ್ದೂ ನಾನೇ, ಅದನ್ನು ಮಾಡುವಾಗ ಬಹಳ ಬುದ್ಧಿವಂತಿಕೆ ಎನ್ನಿಸಿತ್ತು. ನಮ್ಮ ಬಾಡಿಗೆ ಮನೆಗೆ ಬೇಸಿಗೆಯಲ್ಲಿ ನೀರು ಸರಿಯಾಗಿ ಬರುತ್ತಿರಲಿಲ್ಲ. ಹೆಂಡತಿ ಮಧ್ಯಾಹ್ನ ಅಲ್ಲಿಗೆ ಹೋಗಿ ಬಟ್ಟೆ ಒಗೆಯತೊಡಗಿದಳು. ಹಾಗೆ ಮಾಡು ಎಂದು ನಾನು ಹೇಳಿದೆನೋ, ಅವಳೇ ಶುರು ಮಾಡಿದಳೋ? ದಿನಚರಿಯಲ್ಲಿ ಇರುವುದು ಇಷ್ಟೇ: "ಇವಳು ಅಲ್ಲಿ ಬಟ್ಟೆ ಒಗೆದಳು. ಹಿತ್ತಲಲ್ಲಿ ಸೀರೆ ಇದ್ದರೆ ಮನೆಗೆ ಕಳೆ." ಎರಡನೆಯ ವಾಕ್ಯ ನನ್ನದೇ ಬುದ್ಧಿಯಂತೆ ಕೇಳಿಸುತ್ತದೆ.

ಯುಗಾದಿಯಾದ ಮೇಲೆ ಎಂ.ಕೆ. ಹುಬ್ಬಳ್ಳಿಯಿಂದ ಒಬ್ಬರು ಹೆಂಡತಿಯೊಂದಿಗೆ ಬಂದರು. ಕಬ್ಬು ಸಾಗಿಸುವ ಎರಡು ಟ್ರ್ಯಾಕ್ಟರ್ ಇಟ್ಟುಕೊಂಡವರು. ಮಕ್ಕಳ ಹೈಸ್ಕೂಲಿಗೆಂದು ಬೈಲಹೊಂಗಲದಲ್ಲಿ ಮನೆ ಹುಡುಕುತ್ತಿದ್ದರು. ಅವರು ಬೋರಿನ ನೀರು, ದಾರಿಯ ಅಗಲ ಎಂದು ಹೊರಗೇ ಮಾತಾಡುತ್ತಿದ್ದರು. ಆಕೆ ಮಾತ್ರ ಮಂಚವನ್ನು ಸುತ್ತು ಹಾಕಿದರು, ತಿಜೋರಿಯ ಬಾಗಿಲು ತೆರೆದರು, ಅಡುಗೆಮನೆಯಲ್ಲಿ ಕಟ್ಟೆಯ ಮುಂದೆ ನಿಂತು ಡಬ್ಬಿಗೆ ಕೈಚಾಚಿ ನೋಡಿದರು. "ಹಿಡಿತೈತಿ" ಎಂದರು, ಅಷ್ಟೇ. ಒಂದು ವಾರದಲ್ಲಿ ತಿಳಿಸುತ್ತೇವೆಂದು ಹೋದರು.

ವಾರ ಕಳೆಯಿತು, ಸುದ್ದಿಯಿಲ್ಲ. ಎಸ್‌ಟಿಡಿ ಬೂತಿನಿಂದ ಫೋನು ಮಾಡಿದೆ. "ಭಾಡಿಗ್ಯಾರ ಅದಾರಂತ ಮೊದಲ ಹೇಳಬೇಕಿತ್ರಿ ಸರ್" ಎಂದು ಇಟ್ಟುಬಿಟ್ಟರು. ಮರುದಿನ ಬಸ್ಸು ಹಿಡಿದು ಎಂ.ಕೆ. ಹುಬ್ಬಳ್ಳಿಗೆ ಹೋದೆ. ಅವರು ಟ್ರ್ಯಾಕ್ಟರಿನ ಕೆಳಗಿದ್ದರು. ಅಲ್ಲಿಂದಲೇ ಮಾತಾಡಿದರು. ನಡುವೆ ಒಂದು ದಿನ ಅವರು ಒಬ್ಬರೇ ಹೇಳದೆ ಬಂದಿದ್ದರಂತೆ. ಬಾಗಿಲಲ್ಲಿ ಚಪ್ಪಲಿ, ಹಿತ್ತಲಲ್ಲಿ ಹಸಿ ಸೀರೆ. ಎದುರು ಮನೆಯ ಅಮ್ಮನನ್ನು ಕೇಳಿದರೆ "ಹೌದ್ರಿ, ಅದಾರ. ದಿನಾ ಬಟ್ಟಿ ಒಗೀತಾಳ ಆ ಹೆಣಮಗಳು" ಎಂದರಂತೆ.

"ಅವ ಎಲ್ಲಾ ತೋರಸಾಕ ಇಟ್ಟಾವ್ರಿ. ಬಟ್ಟಿ ಒಗೀಯಾಕಿ ನನ್ನ ಹೆಂಡ್ತಿ."

"ತೋರಸಾಕ ಯಾರರ ಸೀರಿ ಒಣಗಾಕ್ತಾರೇನ್ರಿ?" ಟ್ರ್ಯಾಕ್ಟರಿನ ಕೆಳಗಿನಿಂದ ಹೊರಬಂದು ಕೈ ಒರೆಸಿಕೊಂಡರು. "ಸಾಲಿ ಕಲತವರು ಸುಳ್ಳು ಹೇಳಿದ್ರೂ ಹೊಂದಸಿ ಹೇಳ್ಬೇಕು. ಕಿತ್ತೂರಾಗ ನಮ್ಮಪ್ಪನ ಮನಿ ಐತಿ. ಒಂಬತ್ತ ವರ್ಷಾತು, ಭಾಡಿಗಿಯವ ಬಿಡವಲ್ಲ. ಕೋರ್ಟಿಗೆ ಅಡ್ಡಾಡಿ ನನ್ನ ಕಾಲ್ಮರಿ ಸವದಾವು. ಮತ್ತೊಂದ ಅಂಥಾದ್ದನ್ನ ಕೊಂಡು ತಲಿಗೆ ಕಟಗೊಳ್ಳಲೇನು?"

ನಾನು ಏನು ಹೇಳಿದೆನೋ ನೆನಪಿಲ್ಲ. ಅವರು ಹೇಳಿದ ಕೊನೆಯ ಮಾತು ಬರೆದಿಟ್ಟುಕೊಂಡಿದ್ದೇನೆ: "ನನ್ನ ಕಣ್ಣ ಮುಂದ ಎಲ್ಲಾ ಹೊರಗ ತಗೀರಿ. ಚಮಚಾ ಸೈತ ಉಳೀಬಾರದು. ಆಮ್ಯಾಲ ಮಾತು."

ಅಕ್ಕನಿಗೆ ಹೇಳಿದೆ. ಸಾಮಾನು ಹೇಗೂ ಹೋಗಬೇಕಿತ್ತು, ಬಸವ ಜಯಂತಿಗೆ ಎರಡು ದಿನ ಮುಂಚೆ ಸಾಲಹಳ್ಳಿಗೆ ಟೆಂಪೋ ಗೊತ್ತುಮಾಡಿಯಾಗಿತ್ತು. ಅವಳ ಹೆದರಿಕೆ ಬೇರೆ. "ಖಾಲಿ ಆದ ಕೂಡ್ಲೇ ಅವರ ಹೆಂಡ್ತೀನೂ ಸಣ್ಣದು ಅಂತಾಳ, ನೋಡತಿರು." ಸವದತ್ತಿಯ ಮಾಸ್ತರರು ಆ ಹೊತ್ತಿಗಾಗಲೇ ಇನ್ನೊಬ್ಬರಿಗೆ ಮನೆ ತೋರಿಸಿದ್ದರು. ಮಾತಿಗೆ ತಪ್ಪಿರಲಿಲ್ಲ, ಬರೀ ತೋರಿಸಿದ್ದರು.

ಸಾಮಾನು ಒಯ್ಯುವ ದಿನ ಬೆಳಿಗ್ಗೆ ಎಂ.ಕೆ. ಹುಬ್ಬಳ್ಳಿಯ ಗಂಡ ಹೆಂಡತಿ ಇಬ್ಬರೂ ಬಂದರು. ಅಕ್ಕ ಮೊದಲ ಬಸ್ಸಿಗೆ ಬಂದಿದ್ದಳು. ಚಾಚಾ, ಟೆಂಪೋದ ಇಬ್ಬರು ಹಮಾಲರು, ನಾನು. ಮೊದಲು ಚಪ್ಪಲಿ ಎತ್ತಿ ಚೀಲಕ್ಕೆ ಹಾಕಿದೆ. ಟ್ರ್ಯಾಕ್ಟರಿನವರು ಗಂಭೀರವಾಗಿ ನೋಡುತ್ತಿದ್ದರು. ಕ್ಯಾಲೆಂಡರ್, ಡಬ್ಬಿ, ಹಂಚು ಹೋದವು. ಸೋಫಾ ಹೋಯಿತು, ಪಡಸಾಲೆ ಕುಗ್ಗಿದಂತಾಯಿತು. ಹಮಾಲರು ಮಂಚಕ್ಕೆ ಕೈ ಹಾಕಿದಾಗ ಆ ಹೆಣ್ಣುಮಗಳು "ತಡೀರಿ, ತಡೀರಿ" ಎಂದರು. "ಬರೀಲಿಕ್ಕ ಏನರ ಐತೇನ್ರಿ ಅಕ್ಕೋರ?"

ಅಕ್ಕನ ಪರ್ಸಿನಲ್ಲಿ ಯಾವಾಗಲೂ ಖಡುವಿನ ತುಂಡು ಇರುತ್ತಿತ್ತು, ಕರಿಹಲಗೆಗೆ ಬರೆಯುವ ಬಿಳಿಯ ಖಡು. ಕೊಟ್ಟಳು. ಆಕೆ ಸೆರಗು ಸಿಕ್ಕಿಸಿಕೊಂಡು ಕೂತು, ಮಂಚದ ಸುತ್ತ ನೆಲದ ಮೇಲೆ ಗೆರೆ ಎಳೆದರು. ತಿಜೋರಿಯ ಸುತ್ತ ಎಳೆದರು. ತಿಜೋರಿಯ ಬಾಗಿಲು ತೆರೆದರೆ ಎಲ್ಲಿಯವರೆಗೆ ಬರುತ್ತದೋ ಅಲ್ಲಿಗೂ ಕಮಾನಿನಂತೆ ಒಂದು ಗೆರೆ. "ಈಗ ಒಯ್ರಿ" ಎಂದರು.

ಕೋಣೆ ಖಾಲಿಯಾಯಿತು. ಅವರ ಗಂಡ ಒಂದೊಂದಾಗಿ ಎಲ್ಲ ಕಡೆ ಹೊಕ್ಕು ಬಂದರು. ಬಚ್ಚಲು, ಮಾಳಿಗೆ, ಹಿತ್ತಲು. ಯಾರೂ ಇಲ್ಲ ಎಂಬುದು ಅವರಿಗೆ ಈಗ ನಂಬಿಕೆಯಾಗಿತ್ತು. ಆದರೆ ಒಳಕೋಣೆಯ ಬಾಗಿಲಲ್ಲಿ ನಿಂತು, "ಸಣ್ಣದ ಐತಲ್ಲಲೇ ಇದು" ಎಂದರು. ಅಕ್ಕ ಕಿಟಕಿಯ ಸರಳು ಹಿಡಿದುಕೊಂಡಳು.

ಅವರು ಗೋಡೆ ಮುಟ್ಟಿ ನೋಡಲೆಂದು ನೇರವಾಗಿ ಒಳಗೆ ಹೆಜ್ಜೆ ಇಟ್ಟರು. "ಎಲ್ಲಿ ತುಳಿಯಾಕತ್ತೀರಿ?" ಎಂದು ಹೆಂಡತಿ ಗದರಿಸಿದರು. "ಗೆರಿ ಕಾಣವಲ್ದೇನು? ಅಲ್ಲಿ ಮಂಚ ಐತಿ. ಸುತ್ತ ಹಾಕ್ಕೊಂಡ ಬರ್ರಿ."

ಅವರು ಒಂದು ಕ್ಷಣ ನಿಂತರು. ಆಮೇಲೆ ನಿಜವಾಗಿಯೂ ಗೆರೆಯ ಹೊರಗಿನಿಂದ ಹೋದರು. ಕಾಲ ಕೆಳಗೆ ನೋಡುತ್ತ, ತೋಳು ಸ್ವಲ್ಪ ಒಳಗೆಳೆದುಕೊಂಡು, ಇಲ್ಲದ ಮಂಚವನ್ನು ಬಳಸಿ ಕಿಟಕಿಯತನಕ ಹೋಗಿ, ತಿಜೋರಿಯ ಗೆರೆಯನ್ನು ತಪ್ಪಿಸಿ ತಿರುಗಿ ಬಂದರು. ಎಲ್ಲಿಯೂ ತಾಕಲಿಲ್ಲ.

"ಹಿಡಿತೈತಿ ಬಿಡು" ಎಂದರು.

ಅಂಗಳದಲ್ಲಿ ಚಾಚಾ ಹಮಾಲರ ಮೇಲೆ ಕೂಗಾಡುತ್ತಿದ್ದರು, ಮಂಚದ ಪ್ಲಾಸ್ಟಿಕ್ಕು ಎಲ್ಲೋ ಹರಿದಿತ್ತು.

ಗೆರೆ ಎಳೆದದ್ದು ಆ ಹೆಣ್ಣುಮಗಳು ಎಂದು ನಾನು ಬರೆದಿದ್ದೇನೆ. ಖಡು ತನ್ನದಾದ್ದರಿಂದಲೋ ಏನೋ, ಎಳೆದವಳು ತಾನೇ ಎಂದು ಅಕ್ಕ ಇಂದಿಗೂ ವಾದಿಸುತ್ತಾಳೆ. ಆದರೆ ಆ ಕಾಲಿನಲ್ಲಿ ಅವಳು ಹಾಗೆ ನೆಲದ ಮೇಲೆ ಕೂರುತ್ತಿರಲಿಲ್ಲ. ನಾನು ವಾದ ಮುಂದುವರಿಸುವುದಿಲ್ಲ.

ಟ್ರ್ಯಾಕ್ಟರಿನವರ ಮುಂಗಡ ಕೈಗೆ ಬಂತು, ಬಸವ ಜಯಂತಿಯ ದಿನ ಸವದತ್ತಿಯ ಮಾಸ್ತರರಿಗೆ ವೀಳ್ಯದೆಲೆ ಕೊಟ್ಟು ಮಾತು ಮುಗಿಸಿದೆವು. ಮುಂದಿನ ತಿಂಗಳು ಒಂದು ಮುಂಜಾನೆ ಆ ಹದಿನೇಳು ಮೆಟ್ಟಿಲುಗಳಿಂದ ಅಕ್ಕನ ಸಾಮಾನನ್ನು ಇಳಿಸಿದೆ. ಅಕ್ಕ ಮುಂಚೆಯೇ ಹೋಗಿ ಹೊಸ ಮನೆಯ ಬೀಗ ತೆಗೆದಿದ್ದಳು. ನಾನು ಮೊದಲ ಟ್ರಂಕು ಹೊತ್ತು ಬಂದು ಒಳಗೆ ಇಣುಕಿದೆ. ನಾಲ್ಕು ಗೋಡೆ, ಒಂದು ಗೂಡು.

"ಸಣ್ಣದ ಐತಲ್ಲ ಅಕ್ಕಾ" ಎಂದುಬಿಟ್ಟೆ.

ಅವಳು ನೀರಿನ ಕೊಡ ಹಿಡಿದು ನಲ್ಲಿಯಿಂದ ಅಡುಗೆಮನೆಗೆ ನಡೆಯುತ್ತಿದ್ದಳು, ಎಲ್ಲಿಯೂ ಕೂರದೆ. "ಮೊದಲ ಆ ಟ್ರಂಕ ಇಳಸು" ಎಂದಳು. "ಆಮ್ಯಾಲ ಹೇಳು."