ಉಡಿಗೆ ಹಾಕಿದ ಮಗನ ಆಸ್ಪತ್ರೆ

ನಮ್ಮ ಅಡುಗೆಮನೆಯ ಕಪಾಟಿನಲ್ಲಿ, ತೊಗರಿಬೇಳೆಯ ಡಬ್ಬಿಯ ಕೆಳಗೆ, ಒಂದು ಲಕೋಟೆ ಹದಿನೈದು ದಿನಗಳಿಂದ ಬಿದ್ದಿದೆ. ಬಿದ್ದಿದೆ ಎಂದರೆ ಸುಳ್ಳಾದೀತು, ನಾನೇ ಇಟ್ಟಿದ್ದೇನೆ. ಇವತ್ತು ಬೇಳೆ ತೆಗೆಯಲು ಹೋದಾಗ ಅದು ಜಾರಿ ನೆಲಕ್ಕೆ ಬಿತ್ತು. ಒಳಗಿದ್ದ ನುಣುಪು ಕಾಗದದ ಪುಸ್ತಿಕೆ ಹೊರಗೆ ಇಣುಕಿತು. ಎತ್ತಿಕೊಂಡರೆ ಹೊಸ ಮಸಿಯ ವಾಸನೆ. ಒಳ್ಳೆಯ ವಾಸನೆಯೇ, ಆದರೆ ನನಗೆ ಮೈಯೆಲ್ಲ ಉರಿಯಿತು.

ಪುಸ್ತಿಕೆ ಸಮುದ್ರದ ದಂಡೆಯ ಒಂದು ಮಹಾನಗರದ ನೌಕಾಪಡೆಯ ದೊಡ್ಡ ಆಸ್ಪತ್ರೆಯದು. ಊರಿನ ಹೆಸರು ಬೇಡ ಬಿಡಿ. ಸಿಟ್ಟು ಬಂದಾಗ ಯಾರ ಹೆಸರನ್ನೂ ಎತ್ತಬಾರದು ಎಂದು ಅವ್ವ ಕಲಿಸಿದ್ದಳು. ನಾನು ಆಳಂದದ ಒಂದು ಶಾಲೆಯಲ್ಲಿ ಚರಿತ್ರೆ ಪಾಠ ಮಾಡುವವಳು. ಬಹಮನಿ ಸುಲ್ತಾನರಲ್ಲಿ ಯಾರಾದ ಮೇಲೆ ಯಾರು ಬಂದರೆಂದು ಹೇಳಲು ಈಗಲೂ ಕದ್ದು ಪುಸ್ತಕ ನೋಡುತ್ತೇನೆ. ಆದರೆ ಈ ಆಸ್ಪತ್ರೆಯ ಚರಿತ್ರೆ ನನಗೆ ಬಾಯಿಪಾಠ. ಮೊದಲು ಅಲ್ಲಿ ಬಿಳಿಯರ ಹಡಗಿನಿಂದ ಜ್ವರ ಹೊತ್ತು ಇಳಿದವರಿಗಾಗಿ ಹುಲ್ಲಿನ ಚಪ್ಪರಗಳಿದ್ದವಂತೆ. ಆಮೇಲೆ ಕಲ್ಲಿನ ಕಟ್ಟಡ ಬಂತು, ಯುದ್ಧ ಬಂತು, ಗಾಯಾಳುಗಳು ವರಾಂಡದ ತುಂಬ ಮಲಗಿದರು. ಬಿಳಿಯರು ಹೋದರು. ನಮ್ಮವರ ಕಾಲದಲ್ಲಿ ಅಂತಸ್ತಿನ ಮೇಲೆ ಅಂತಸ್ತು ಎದ್ದಿತು. ಹೃದಯಕ್ಕೆ ಒಂದು ಅಂತಸ್ತು, ಕಿಡ್ನಿಗೆ ಇನ್ನೊಂದು, ಕಣ್ಣು, ಸುಟ್ಟಗಾಯ, ಹೆರಿಗೆ. ಇಷ್ಟೂ ಆ ಆಸ್ಪತ್ರೆಯ ಮೊಗಸಾಲೆಯ ಗೋಡೆಯ ಮೇಲೆ ದೊಡ್ಡ ಫಲಕದಲ್ಲಿತ್ತು. ಅದರ ಎದುರಿನ ಬೆಂಚಿನ ಮೇಲೆ ಅವ್ವನನ್ನು ಕೂರಿಸಿಕೊಂಡು ನಾನು ಎರಡು ದಿನ ಕಾದಿದ್ದೇನೆ. ಓದಲು ಬೇರೇನೂ ಇರಲಿಲ್ಲ.

ಅಷ್ಟು ದೊಡ್ಡ ಆಸ್ಪತ್ರೆಗೂ ನಮಗೂ ಏನು ಸಂಬಂಧ ಎಂದು ನೀವು ಕೇಳುತ್ತೀರಿ. ಸಂಬಂಧ ನಮ್ಮ ಅಣ್ಣ. ಅವನು ನೌಕಾಪಡೆಯಲ್ಲಿದ್ದ. ಆದರೆ ಅವನನ್ನು ಅಣ್ಣ ಎನ್ನುವಾಗ ಒಂದು ಮಾತು ಬಿಡಿಸಿ ಹೇಳಬೇಕು.

ಸರಸಂಬಾದಲ್ಲಿ ನಮ್ಮದು ಒಂದೇ ಗೋಡೆಯ ಎರಡು ಮನೆ. ಅವ್ವ ಮತ್ತು ದೊಡ್ಡವ್ವ ಖಾಸಾ ಅಕ್ಕ ತಂಗಿ, ಒಂದೇ ಮನೆಯ ಅಣ್ಣ ತಮ್ಮಂದಿರನ್ನು ಮದುವೆಯಾದವರು. ದೊಡ್ಡವ್ವನಿಗೆ ಮಕ್ಕಳಾಗಲಿಲ್ಲ. ಅವ್ವ ತನ್ನ ಚೊಚ್ಚಲ ಮಗನನ್ನು, ಮೊಲೆ ಬಿಡಿಸಿದ ತಿಂಗಳಲ್ಲೇ, ಐವರು ಮುತ್ತೈದೆಯರ ಎದುರು ಅಕ್ಕನ ಉಡಿಗೆ ಹಾಕಿದಳು. ಆಳಂದದಲ್ಲಿ ದತ್ತಕದ ಕಾಗದವೂ ಆಯಿತು. ಅವತ್ತಿನಿಂದ ಅವನು ದೊಡ್ಡವ್ವನನ್ನು ಅವ್ವ ಎಂದ, ಹಡೆದವಳನ್ನು ಚಿಗವ್ವ ಎಂದ. ನಾನು ಹುಟ್ಟುವ ಹೊತ್ತಿಗೆ ಇದೆಲ್ಲ ಹಳೆಯ ಸಂಗತಿ. ಹಬ್ಬದ ದಿನ ಅವ್ವ ಹೋಳಿಗೆಯನ್ನು ಮೊದಲು ಗೋಡೆಯಾಚೆ ಕಳಿಸುವುದೇಕೆಂದು ನನಗೆ ಬಹಳ ವರ್ಷ ತಿಳಿದಿರಲಿಲ್ಲ. ತಿಳಿದ ಮೇಲೆ ಹೊಟ್ಟೆಕಿಚ್ಚಾಯಿತು. ಮೆತ್ತಗಿನ ಹೋಳಿಗೆಯೆಲ್ಲ ಅವನಿಗೇ ಹೋಗುತ್ತಿತ್ತಲ್ಲ.

ಅವನು ನೌಕಾಪಡೆಗೆ ಅರ್ಜಿ ಹಾಕುವಾಗ ನಾನು ಒಂಬತ್ತನೆಯ ಇಯತ್ತೆ. ಭೀಮಾ ನದಿಯನ್ನೂ ಸರಿಯಾಗಿ ಈಜಿ ದಾಟದ ಹುಡುಗ ಸಮುದ್ರಕ್ಕೆ ಹೊರಟಿದ್ದ. ಅವನ ಅಕ್ಷರ ಕೋಳಿ ಕೆದರಿದ ಹಾಗಿತ್ತು. ನನ್ನದು ಮುತ್ತಿನಂಥ ಅಕ್ಷರ ಎಂದು ಊರಿಗೆಲ್ಲ ಗೊತ್ತು, ನನಗಂತೂ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಹೀಗಾಗಿ ಅರ್ಜಿ ತುಂಬಲು ನಾನೇ ಕುಳಿತೆ. ತಾಯಿಯ ಹೆಸರು ಎನ್ನುವ ಖಾನೆಗೆ ಬಂದಾಗ ಪೆನ್ನು ನಿಂತಿತು. ಒಲೆಯ ಮುಂದಿದ್ದ ಅವ್ವ ತಿರುಗಿಯೂ ನೋಡದೆ ಹೇಳಿದಳು:

“ನಿಮ್ಮ ದೊಡ್ಡವ್ವನ ಹೆಸರ ಬರಿ. ಉಡಿಗಿ ಹಾಕಿದ್ದು ತಿರುಗಿ ಕೇಳಬಾರ್ದು.”

ಬರೆದೆ. ಬೇರೆ ಬರೆದಿದ್ದರೂ ಶಾಲೆಯ ದಾಖಲೆಗೆ ಹೊಂದದೆ ಅರ್ಜಿ ತಿರುಗಿ ಬರುತ್ತಿತ್ತು. ಇದು ಗೊತ್ತಿದೆ. ಆದರೂ ಆ ಹೆಸರು ಬರೆದ ಕೈ ನನ್ನದು.

ಕೆಲವು ವರ್ಷಗಳ ಮೇಲೆ ದೊಡ್ಡವ್ವನ ಎಡಗಣ್ಣಿಗೆ ಪೊರೆ ಬಂತು. ಅಣ್ಣ ಕರೆದುಕೊಂಡು ಹೋಗಿ ಆ ಆಸ್ಪತ್ರೆಯಲ್ಲೇ ಆಪರೇಷನ್ ಮಾಡಿಸಿದ. ತಿರುಗಿ ಬಂದ ದೊಡ್ಡವ್ವ ತಿಂಗಳುಗಟ್ಟಲೆ ಅದೇ ಸುದ್ದಿ ಹೇಳಿದಳು. ದಿನಾ ಬದಲಿಸುವ ಬಿಳಿ ಚಾದರ, ಕಿಟಕಿಯಿಂದ ಕಾಣುವ ಹಡಗು, ಮಾಜೀ ಮಾಜೀ ಎಂದು ಕೈಹಿಡಿದು ನಡೆಸುವ ನರ್ಸಮ್ಮ. ಅವ್ವ ಸೊಪ್ಪು ಸೋಸುತ್ತ ಎಲ್ಲವನ್ನೂ ಕೇಳುತ್ತಿದ್ದಳು. ಮುಗಿದ ಮೇಲೆ ಇನ್ನೊಮ್ಮೆ ಹೇಳೆನ್ನುತ್ತಿದ್ದಳು. ಅದನ್ನು ಅವಳು ನಮ್ಮ ಹುಡುಗನ ದವಾಖಾನಿ ಎಂದೇ ಕರೆಯುತ್ತಿದ್ದಳು.

ಆಮೇಲೆ ಅವ್ವನ ಎದೆ ಕೆಟ್ಟಿತು. ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು. ಸೊಲ್ಲಾಪುರದ ಡಾಕ್ಟರು ಹೃದಯದ ಕವಾಟ ಹಾಳಾಗಿದೆ, ಆಪರೇಷನ್ ಆಗಲೇಬೇಕು ಎಂದರು. ಅಣ್ಣ ಫೋನಿನಲ್ಲಿ, ಕರಕೊಂಡು ಬಾ, ಇಲ್ಲಿ ಗುರುತಿನ ಡಾಕ್ಟರ್ ಇದ್ದಾರೆ, ಏನಾದರೂ ಮಾಡೋಣ ಎಂದ. ಹೊರಡುವ ದಿನ ದೊಡ್ಡವ್ವ, ನೌಕರನ ತಾಯಿಯೆಂದು ತನಗೆ ಕೊಟ್ಟಿದ್ದ ಆಸ್ಪತ್ರೆಯ ಕಾರ್ಡು ತಂದು ಅವ್ವನ ಸೆರಗಿನ ತುದಿಗೆ ಗಂಟು ಹಾಕಿದಳು. ಇಬ್ಬರದೂ ಒಂದೇ ಮುಖ, ಸೆರಗು ಹೊದ್ದ ಸಣ್ಣ ಫೋಟೋದಲ್ಲಿ ಯಾರಿಗೆ ತಿಳಿಯುತ್ತದೆ ಎಂದಳು. ತಪ್ಪೆಂದು ನನಗೆ ಗೊತ್ತಿತ್ತು. ಮಕ್ಕಳಿಗೆ ಸತ್ಯ ಹೇಳಿರೆಂದು ಪಾಠ ಮಾಡುವ ನಾನು ಬಾಯಿ ಮುಚ್ಚಿಕೊಂಡಿದ್ದೆ.

ಎರಡು ದಿನ ಬೆಂಚಿನ ಮೇಲೆ ಕುಳಿತೆವು. ಅವ್ವ ಮೊದಲ ಸಲ ಸಮುದ್ರ ನೋಡಿದ್ದಳು. ಫಲಕದಲ್ಲಿದ್ದುದನ್ನು ನಾನು ಕನ್ನಡದಲ್ಲಿ ಹೇಳುತ್ತಿದ್ದೆ. ಅಲ್ಲೊಂದು ಕಬ್ಬಿಣದ ಕೋಣೆಯಿತ್ತು. ಸಮುದ್ರದ ಆಳಕ್ಕೆ ಮುಳುಗಿ ಗಡಿಬಿಡಿಯಲ್ಲಿ ಮೇಲೆ ಬಂದವರ ರಕ್ತ ಕೆಡುತ್ತದಂತೆ. ಅವರನ್ನು ಅದರೊಳಗಿಟ್ಟು, ಗಾಳಿಯ ಒತ್ತಡ ಏರಿಸಿ, ತಾಸುಗಟ್ಟಲೆ ನಿಧಾನಕ್ಕೆ ಇಳಿಸಿ ಉಳಿಸುತ್ತಾರೆ. ಒಬ್ಬೊಬ್ಬರ ಸಲುವಾಗಿ ಎಷ್ಟು ಜೋಕೆ ಮಾಡುತ್ತಾರೆ ನೋಡು ಎಂದು ಅವ್ವ ಹಿಗ್ಗಿದಳು.

ಅಣ್ಣನ ಗುರುತಿನ ಡಾಕ್ಟರು ಒಳ್ಳೆಯವರು. ಹೊರಗೇ ಎದೆಗೆ ಯಂತ್ರ ಹಚ್ಚಿ ನೋಡಿದರು. ಬೇಗ ಭರ್ತಿ ಮಾಡಿ ಎಂದರು. ಭರ್ತಿಯ ಕಿಟಕಿಯ ಎದುರು ಅಣ್ಣ ಬಿಳಿ ಸಮವಸ್ತ್ರದಲ್ಲಿ ನಿಂತ. ಅವನ ಹಿಂದೆ ಅವ್ವ ಸೆರಗಿನ ಗಂಟು ಬಿಚ್ಚಿ ಕಾರ್ಡು ಕೈಯಲ್ಲಿ ಹಿಡಿದಿದ್ದಳು. ಕಿಟಕಿಯೊಳಗಿನ ಮನುಷ್ಯ ತಲೆ ಎತ್ತದೆ ಕೇಳಿದ:

“ಮಾಂ ಹೈ?”

ಅಣ್ಣ ಕಾರ್ಡನ್ನು ನೋಡಿದ, ಅವ್ವನನ್ನು ನೋಡಿದ.

“ನಹೀಂ. ಚಾಚಿ ಹೈ.”

ಅವ್ವನಿಗೆ ಹಿಂದಿ ಬಾರದು. ಆದರೆ ಹುಟ್ಟಿದಾಗಿನಿಂದ ಪಕ್ಕದ ಓಣಿಯ ಉರ್ದು ಮಾತು ಕೇಳುತ್ತ ಬೆಳೆದವಳಿಗೆ ಚಾಚಿ ಎಂದರೇನೆಂದು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಕಿಟಕಿಯವ ಚಿಕ್ಕಮ್ಮಂದಿರಿಗೆ ಅವಕಾಶವಿಲ್ಲ ಎಂದು ಸಭ್ಯವಾಗಿಯೇ ಹೇಳಿದ. ಅವನ ತಪ್ಪೇನಿಲ್ಲ. ಪುಸ್ತಿಕೆಯ ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಹಾಗೇ ಇದೆ, ದತ್ತಕ ಹೋದವರಿಗೆ ದತ್ತಕ ತಾಯಿಯೇ ತಾಯಿ. ಅವ್ವ ಕಾರ್ಡನ್ನು ಮತ್ತೆ ಸೆರಗಿಗೆ ಕಟ್ಟಿಕೊಂಡು ಮೆಟ್ಟಿಲಿಳಿದಳು. ಖಾಸಗಿ ಆಸ್ಪತ್ರೆಯಲ್ಲಿ ತಾನೇ ಮಾಡಿಸುತ್ತೇನೆಂದು ಅಣ್ಣ ಕಾಲು ಹಿಡಿದ. ಆಗಲಿ ನೋಡೋಣ ಎಂದವಳು ರೈಲು ಹತ್ತಿಬಿಟ್ಟಳು.

ಸೊಲ್ಲಾಪುರದಲ್ಲಿ ಇಳಿದು ಬಸ್ಸು ಹಿಡಿದೆವು. ಹಿರೋಳ್ಳಿಯ ಹತ್ತಿರ ಗಡಿ ದಾಟಿದ ಮೇಲೆ ಅವ್ವ ನನ್ನ ಭುಜಕ್ಕೆ ತಲೆಯಾನಿಸಿ ಹೇಳಿದಳು:

“ಅಂವ ಖರೇನೇ ಹೇಳ್ಯಾನ. ಸುಳ್ಳ ಹೇಳಿದ್ರ ನೌಕರಿ ಹೋಗ್ತಿತ್ತು.” ಸೆರಗಿನ ಗಂಟು ಮುಟ್ಟಿಕೊಂಡು, “ಒಂದ್ ಸಲ ಸುಳ್ಳ ಹೇಳತಾನೇನೋ ಅಂತ ಆಸಿ ಇತ್ತು ನೋಡು.”

ಮತ್ತೆ ಯಾವ ಆಸ್ಪತ್ರೆಯ ಮೆಟ್ಟಿಲನ್ನೂ ಅವಳು ಹತ್ತಲಿಲ್ಲ. ಎಷ್ಟು ಬೈದರೂ, ಅತ್ತರೂ, ಗುಳಿಗೆ ಸಾಕು ಎನ್ನುತ್ತಿದ್ದಳು. ಒಂದೂವರೆ ವರ್ಷಕ್ಕೆ ಹೋದಳು. ಮಣ್ಣು ಕೊಡುವಾಗ ಅಣ್ಣ ಭಾವನ ಮಗನ ಹಾಗೆ ಮೂರನೆಯ ಸಾಲಿನಲ್ಲಿ ನಿಂತಿದ್ದ. ಮುಂದೆ ಬಾ ಎಂದು ನಾನು ಕರೆಯಲಿಲ್ಲ. ಕರೆಯಬಾರದೆಂದೇ ಕರೆಯಲಿಲ್ಲ.

ಈಗ ಅವನು ನಿವೃತ್ತನಾಗಿದ್ದಾನೆ. ಕಾರ್ಡು ಹೊಸದಾಗಿ ಮಾಡಿಸಬೇಕು. ದೊಡ್ಡವ್ವನ ಬಲಗಣ್ಣಿಗೂ ಪೊರೆ ಬಂದಿದೆ. ಅವಳು ಈಗ ಆಳಂದದಲ್ಲಿ ನನ್ನ ಜೊತೆಗೇ ಇದ್ದಾಳೆ. ಅರ್ಜಿ ತುಂಬಿ ಕಳಿಸು, ನಿನ್ನ ಅಕ್ಷರ ಚೆನ್ನಾಗಿದೆ ಎಂದು ಅಣ್ಣ ಚೀಟಿ ಬರೆದು, ಪುಸ್ತಿಕೆ ಮತ್ತು ಅರ್ಜಿಯ ಜೊತೆ ಲಕೋಟೆಯಲ್ಲಿಟ್ಟು ಕಳಿಸಿದ್ದ. ಆ ಮಾತಿಗೇ ಲಕೋಟೆ ಡಬ್ಬಿಯ ಕೆಳಗೆ ಹೋದದ್ದು.

ಇವತ್ತು ನಾನು ಲಕೋಟೆ ಹಿಡಿದು ನಿಂತದ್ದನ್ನು ದೊಡ್ಡವ್ವ ನೋಡಿದಳು. ಮೊರದಲ್ಲಿ ಬೇಳೆ ಆರಿಸುತ್ತಿದ್ದಳು. ಬಲಗಡೆಯ ಹರಳುಗಳೆಲ್ಲ ಹಾಗೇ ಉಳಿದಿದ್ದವು.

“ಡಬ್ಬಿ ಬುಡಕ ಅದ ಅಂತ ಗೊತ್ತಿತ್ತು ಬೇ,” ಎಂದಳು. “ಅಂವ ಎರಡ್ ಸಲ ಫೋನ್ ಮಾಡ್ದ. ಇನ್ನಾ ಬಂದಿಲ್ಲ ಅಂದೀನಿ. ನಿನ್ನ ಸಿಟ್ಟ ಇಳೀಲಿ ಅಂತ.”

ನನ್ನ ಸಲುವಾಗಿ, ತನ್ನ ಕಣ್ಣು ಕಳೆದುಕೊಳ್ಳುತ್ತ, ಮಗನಿಗೆ ಸುಳ್ಳು ಹೇಳಿದ್ದಾಳೆ. ಅವನಿಂದ ಆಗದ್ದು ಈಕೆಯಿಂದ ಆಗಿದೆ. ನಾನೋ, ಅವ್ವನನ್ನು ಹಿಂದಕ್ಕೆ ಕಳಿಸಿದ ಆ ಕಿಟಕಿಯನ್ನು ಇಷ್ಟು ವರ್ಷ ಬೈದುಕೊಂಡು, ಹದಿನೈದು ದಿನ ಅದೇ ಕಿಟಕಿಯ ಹಿಂದೆ ಕುಳಿತಿದ್ದೆ. ನಾಚಿಕೆಯಾಯಿತು. ಸಿಟ್ಟು ಮಾತ್ರ ಇಳಿಯಲಿಲ್ಲ, ಸುಳ್ಳೇಕೆ ಹೇಳಲಿ.

ಪೆನ್ನು ತಂದು ಅಲ್ಲೇ ನೆಲದ ಮೇಲೆ ಕುಳಿತು ಅರ್ಜಿ ತುಂಬಿದೆ. ತಾಯಿಯ ಹೆಸರಿನ ಖಾನೆ ಬಂದಾಗ ಈ ಸಲ ಪೆನ್ನು ನಿಲ್ಲಲಿಲ್ಲ. ದೊಡ್ಡವ್ವ ಒಳ್ಳೆಯ ಕಣ್ಣನ್ನು ಕಾಗದಕ್ಕೆ ಹತ್ತಿರ ತಂದಳು.

“ನಿಮ್ಮವ್ವನ ಹೆಸರಿಗಿ ಎಲ್ಲ್ಯಾರ ಜಾಗ ಅದ ಏನ್ ನೋಡು.”

ಹುಡುಕಿದೆ. ರಕ್ತದ ಗುಂಪಿಗೆ ಜಾಗವಿತ್ತು, ಮೈಮೇಲಿನ ಮಚ್ಚೆಗೆ ಜಾಗವಿತ್ತು, ಪಿನ್ ಕೋಡಿಗೆ ಆರು ಮನೆಗಳಿದ್ದವು. ಇಲ್ಲ ಎಂದೆ. ದೊಡ್ಡವ್ವ ಮೊರದ ಕಡೆ ತಿರುಗಿದಳು. ನಾನು ಬರೆದ ಹೆಸರನ್ನು ಇನ್ನೊಮ್ಮೆ ನೋಡಿದೆ. ಒಂಬತ್ತನೆಯ ಇಯತ್ತೆಯಲ್ಲಿ ಇದ್ದ ಹಾಗೆಯೇ ಮುತ್ತಿನಂಥ ಅಕ್ಷರ. ಒಂದಾದರೂ ಸೊಟ್ಟಗಾಗಬಾರದಿತ್ತೇ.