ಭಾವನ ದೊಡ್ಡ ಕ್ಯಾಮೆರಾ

ಊರಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದ ನಮ್ಮ ಭಾವ ಚಿನ್ನದಂಥ ರೋಲ್ ಕ್ಯಾಮೆರಾ ಮಾರಿ, ಟ್ರಂಕಿನಷ್ಟಿದ್ದ ಹಳೆಯ ಮರದ ಕ್ಯಾಮೆರಾ ಹೊತ್ತು ತಂದಾಗ ನನಗೆ ಮೈಯೆಲ್ಲ ಉರಿಯಿತು. ರೋಲಿಗೆ ಹನ್ನೆರಡು ಫೋಟೋ ಬರುತ್ತಿದ್ದ ಕಡೆ, ಇದರಲ್ಲಿ ಒಂದು ಫಿಲ್ಮಿಗೆ ಒಂದೇ. ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡರು ಅಂದುಕೊಂಡೆ.

ಕೇಳಿದವರಿಗೆಲ್ಲ ಒಂದೊಂದು ಕಾರಣ ಹೇಳುತ್ತಿದ್ದರು. ಎತ್ತರದ ಕಟ್ಟಡ ವಾಲದೆ ನೆಟ್ಟಗೆ ಬರುತ್ತದಂತೆ. ಅಂಗೈಯಗಲದ ಫಿಲ್ಮು, ಗೋಡೆಯಷ್ಟು ದೊಡ್ಡದು ಮಾಡಿದರೂ ಕೂದಲೆಳೆ ಕಾಣುತ್ತದಂತೆ. ನಿಜವಾದ ಕಾರಣವನ್ನು ಅಕ್ಕ ಅಡುಗೆಮನೆಯಲ್ಲಿ ಹೇಳಿದಳು.

"ಅವರ ಕಣ್ಣು ಹೋಗ್ತಾ ಇದೆ ಕಣೋ. ಹಳೇದರಲ್ಲಿ ಫೋಕಸ್ಸೇ ಕಾಣ್ತಿರಲಿಲ್ಲ. ಇದರ ಹಿಂದಿನ ಗಾಜಲ್ಲಿ ಎಲ್ಲಾ ದೊಡ್ಡದಾಗಿ ಕಾಣುತ್ತೆ. ಪೂರ್ತಿ ಹೋಗೋದ್ರೊಳಗೆ ನನ್ನದೊಂದು ಫೋಟೋ ತೆಗೀಬೇಕಂತೆ."

ಊರವರ ಮುಖವೆಲ್ಲ ತೆಗೆದವರ ಮನೆಯಲ್ಲಿ ಹೆಂಡತಿಯದೊಂದು ಸರಿಯಾದ ಫೋಟೋ ಇರಲಿಲ್ಲ.

ಭಾನುವಾರ ಅಕ್ಕ ಸ್ಟುಡಿಯೋದ ಕುರ್ಚಿಯಲ್ಲಿ ಕೂತಳು. ಭಾವ ಕರಿಬಟ್ಟೆಯೊಳಗೆ ತಲೆ ತೂರಿಸಿ, ಗಾಜಿಗೆ ಭೂತಗನ್ನಡಿ ಹಚ್ಚಿ, ಅವಳ ರೆಪ್ಪೆಗೆ ಫೋಕಸ್ ಮಾಡಿದರು. ಫಿಲ್ಮಿನ ಚೌಕಟ್ಟು ಸಿಕ್ಕಿಸಿದ ಮೇಲೆ ಗಾಜಿನಲ್ಲಿ ಏನೂ ಕಾಣುವುದಿಲ್ಲ. ಹೊರಬಂದು ಬರಿಗಣ್ಣಲ್ಲೇ ನೋಡಬೇಕು. ಭಾವ ನೋಡುತ್ತಲೇ ನಿಂತರು. ನಾನೇ ನಾಚಿಕೊಂಡು ಕಿಟಕಿಯ ಕಡೆ ತಿರುಗಿದೆ. ಕೊನೆಗೊಮ್ಮೆ ಕ್ಲಿಕ್ ಎಂದಿತು.

ತೊಳೆದು ನೋಡಿದರೆ ಫಿಲ್ಮು ಖಾಲಿ. ಫಿಲ್ಮಿಗೆ ಬೆಳಕು ತಾಗದಂತೆ ಮುಚ್ಚುವ ಕಪ್ಪು ತಗಡನ್ನು ಎಳೆಯುವುದನ್ನೇ ಮರೆತಿದ್ದರು. ಭಾವ ಸ್ಟೂಲಿನ ಮೇಲೆ ಕುಸಿದು ಕೂತರು. ಅಕ್ಕನೂ ಆ ಸ್ಟುಡಿಯೋದಲ್ಲಿ ದುಡಿದವಳೇ. ಅವಳನ್ನು ಹೊರಗೆ ಕರೆದು ಹರಿಹಾಯ್ದೆ.

"ತಗಡು ಎಳೀಲಿಲ್ಲ ಅಂತ ನೀನಾದ್ರೂ ಹೇಳಬಾರದಿತ್ತಾ?"

"ನೋಡಿದ್ದೆ," ಅಂದಳು. "ಇಷ್ಟು ವರ್ಷ ತಲೆ ಬಗ್ಗಿಸಿ ಆ ರೋಲ್ ಡಬ್ಬಿಯೊಳಗೇ ನೋಡ್ತಿದ್ರು. ನನ್ನ ಮುಖಾನ ಹೀಗೆ ನೋಡಿದ್ದೇ ಇಲ್ಲ. ನಿಲ್ಲಿಸೋಕೆ ಮನಸ್ಸಾಗಲಿಲ್ಲ."

ನನಗೆ ಸಿಟ್ಟೂ ಬಂತು, ಅಳುವೂ ಬಂತು. ಇದ್ದದ್ದು ಅದೊಂದೇ ಫಿಲ್ಮು. ಹೊಸದನ್ನು ತರಿಸಲು ತಿಂಗಳುಗಳೇ ಹಿಡಿದವು.

ಅದು ಬಂದ ದಿನ ಅಕ್ಕ ಮತ್ತೆ ಕುರ್ಚಿಯಲ್ಲಿ ಕೂತಳು. ಭಾವ ಕರಿಬಟ್ಟೆಯೊಳಗೆ ಗಾಜು ಒರೆಸಿದರು. ಮತ್ತೆ ಒರೆಸಿದರು.

"ಧೂಳು ಜಾಸ್ತಿ ಆಗಿದೆ. ಸ್ವಲ್ಪ ನೋಡಪ್ಪಾ."

ತಲೆ ತೂರಿಸಿದೆ. ಗಾಜು ಶುಭ್ರವಾಗಿತ್ತು. ತಲೆಕೆಳಗಾಗಿ ಕಾಣುತ್ತಿದ್ದ ಅಕ್ಕನ ಮುಖ ಮಾತ್ರ ಮಸುಕಾಗಿತ್ತು. ಸದ್ದಾಗದಂತೆ ಫೋಕಸ್ಸಿನ ಗುಂಡಿ ತಿರುಗಿಸಿದೆ. ರೆಪ್ಪೆಗಳು ಒಂದೊಂದಾಗಿ ಮೂಡಿದವು.

"ಹೌದು ಭಾವ, ಧೂಳಿತ್ತು. ಒರೆಸಿದೆ."

ಅವರು ಚೌಕಟ್ಟು ಸಿಕ್ಕಿಸಿ ಹೊರಬಂದು ನಿಂತರು. ನೋಡುತ್ತಿದ್ದದ್ದು ಕುರ್ಚಿಗಿಂತ ತುಸು ಪಕ್ಕಕ್ಕೆ.

"ಇಲ್ಲಿದ್ದೀನಿ ರೀ," ಅಂದಳು ಅಕ್ಕ. "ಮೊದಲು ತಗಡು ಎಳೀರಿ."