ಒಲೆಯ ಮುಂದಿನ ಎರಡು ವರ್ಷ

ಅವ್ವ ಬಾವಿಯ ಮೆಟ್ಟಿಲ ಮೇಲೆ ಜಾರಿ ಬಿದ್ದಾಗ ನಾನು ಎಂಟನೇ ತರಗತಿಯಲ್ಲಿದ್ದೆ. ಎಪ್ಪತ್ತರ ದಶಕದ ನಡುಭಾಗ. ನಾವು ಆಗ ಕುರುಗೋಡಿನಲ್ಲಿದ್ದೆವು. ಬೀಳುವಾಗ ಬಲಗೈ ಊರಿದಳಂತೆ, ಮಣಿಕಟ್ಟು ಮುರಿಯಿತು. ಎಲುಬು ಕೂಡಿಸುವವನೊಬ್ಬ ಬಿದಿರಿನ ದಬ್ಬೆ ಇಟ್ಟು ಬಟ್ಟೆ ಸುತ್ತಿ ಕಟ್ಟಿದ. ಬಿಚ್ಚಿದಾಗ ಕೈ ಕೂಡಿತ್ತು, ಆದರೆ ಸೊಟ್ಟಗೆ ಕೂಡಿತ್ತು. ಉಣ್ಣುವುದಕ್ಕೆ, ಸೀರೆ ಉಡುವುದಕ್ಕೆ ತೊಂದರೆಯಿರಲಿಲ್ಲ. ಜೋಳದ ಹಿಟ್ಟು ನಾದಿ ರೊಟ್ಟಿ ಬಡಿಯುವ ಬಲ ಮಾತ್ರ ಆ ಕೈಗೆ ಮತ್ತೆ ಬರಲಿಲ್ಲ.

ಮನೆಯಲ್ಲಿ ಬೇರೆ ಹೆಂಗಸರಿರಲಿಲ್ಲ. ಅಪ್ಪ ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಹತ್ತಿ ವ್ಯಾಪಾರಿಯೊಬ್ಬರ ಹತ್ತಿರ ಗುಮಾಸ್ತನಾಗಿದ್ದ. ಓದು ಬಿಟ್ಟಿದ್ದ ಅಣ್ಣನೂ ಅದೇ ಅಂಗಡಿ ಸೇರಿದ್ದ. ಇಬ್ಬರೂ ಬೆಳಗಿನ ಬಸ್ಸಿಗೆ ಬುತ್ತಿ ಕಟ್ಟಿಕೊಂಡು ಹೋಗಬೇಕು. ಕೆಲವು ದಿನ ಪಕ್ಕದ ಮನೆಯಿಂದ ರೊಟ್ಟಿ ಬಂತು. ಎಷ್ಟು ದಿನ ಅಂತ ಬಂದೀತು? ಒಂದು ಮುಂಜಾನೆ ಅವ್ವ ಹಿಟ್ಟಿನ ಪರಾತವನ್ನು ಎಡಗೈಯಿಂದ ನನ್ನ ಮುಂದೆ ತಳ್ಳಿದಳು.

“ಕೈ ತೊಳಕೊಂಡು ಬಾ ಲೇ. ನಾ ಹೇಳ್ತೀನಿ, ನೀ ಮಾಡು. ಹಂಗ ಬಾಗಲಾ ಹಾಕ್ಕೊಂಡು ಬಾ.”

ಬಾಗಿಲು ಯಾಕೆ ಎಂದು ನಾನು ಕೇಳಲಿಲ್ಲ. ಮೀಸೆ ಚಿಗುರುತ್ತಿರುವ ಹುಡುಗ ಒಲೆಯ ಮುಂದೆ ಕುಳಿತದ್ದನ್ನು ಓಣಿಯವರು ನೋಡಬಾರದು, ಅಷ್ಟೇ. ಬಾಗಿಲು ಹಾಕಿದರೂ ರೊಟ್ಟಿ ಬಡಿಯುವ ಸಪ್ಪಳ ಹೊರಗೆ ಹೋಗುತ್ತಿತ್ತು. ಪಕ್ಕದ ಮನೆಯ ದೊಡ್ಡವ್ವ ಒಂದು ದಿನ ಕಟ್ಟೆಯ ಮೇಲೆ ಕುಳಿತು, “ಕೈ ಆರಾಮಾತೇನ್ ಬೇ? ರೊಟ್ಟಿ ಬಡಿಯೋದು ಕೇಳಸ್ತೈತಿ” ಎಂದು ಅವ್ವನನ್ನು ಕೇಳಿದಳು.

“ಹೂಂ, ಅಷ್ಟಿಷ್ಟು ಆಗೈತಿ” ಎಂದು ಅವ್ವ ಸೊಟ್ಟ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

ಗುಟ್ಟು ಬಹಳ ದಿನ ಉಳಿಯಲಿಲ್ಲ. ಶಾಲೆಗೆ ಕರೆಯಲು ಬಂದ ಗೆಳೆಯನೊಬ್ಬನಿಗೆ ನಾನೇ ಮರೆತು ಬಾಗಿಲು ತೆರೆದೆ. ಮೊಣಕೈವರೆಗೆ ಹಿಟ್ಟಾಗಿತ್ತು. ಮಧ್ಯಾಹ್ನದ ಹೊತ್ತಿಗೆ ತರಗತಿಯಲ್ಲಿ ನನ್ನ ಹೆಸರು “ರೊಟ್ಟವ್ವ” ಆಗಿತ್ತು. ಮೈದಾನದ ಆ ತುದಿಯಿಂದ ಯಾರೋ ಅಂಗೈ ಅಂಗೈಗೆ ಬಡಿದು ರೊಟ್ಟಿಯ ಸಪ್ಪಳ ಮಾಡುತ್ತಿದ್ದರು. ಮನೆಗೆ ಬಂದವನೇ ಪಾಟಿಚೀಲ ಬಿಸಾಕಿ, “ನಾಳಿಯಿಂದ ನಾ ಬಡಿಯಂಗಿಲ್ಲ. ಬೇಕಾದ್ರ ಅಣ್ಣಗ ಹೇಳು” ಅಂದೆ.

ಅವ್ವ ಬಯ್ಯಲಿಲ್ಲ. ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ಒಲೆಯ ಮುಂದೆ ತಾನೇ ಕುಳಿತಿದ್ದಳು. ಎಡಗೈಯಿಂದ ಬಡಿಯುತ್ತಿದ್ದಳು. ಹಿಟ್ಟು ಒಂದು ಕಡೆ ದಪ್ಪ, ಒಂದು ಕಡೆ ಹರಿದು, ಹಂಚಿಗೆ ಹಾಕುವಷ್ಟರಲ್ಲಿ ಎರಡಾಗುತ್ತಿತ್ತು. ಹರಿದದ್ದನ್ನು ಮತ್ತೆ ಮುದ್ದೆ ಮಾಡಿ ಮತ್ತೆ ಬಡಿಯುತ್ತಿದ್ದಳು. ನಾನು ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತು, ಹೋಗಿ ಕೈ ತೊಳೆದುಕೊಂಡು ಬಂದೆ. ಅವ್ವ ಪಕ್ಕಕ್ಕೆ ಸರಿದಳು. ಆ ವಿಷಯ ನಮ್ಮಿಬ್ಬರ ನಡುವೆ ಮತ್ತೆ ಬರಲಿಲ್ಲ.

ಆಮೇಲೆ ನನಗೆ ಆ ಕೆಲಸದ ಮೇಲೆ ಪ್ರೀತಿ ಹುಟ್ಟಿತು. ಯಾವಾಗ ಎಂದು ಹೇಳಲಾರೆ. ಅಂಗೈ ಕೆಳಗೆ ಹಿಟ್ಟು ತಿರುಗುತ್ತ ತಿರುಗುತ್ತ ಅಗಲವಾಗುವುದು, ಹಂಚಿನ ಮೇಲೆ ನೀರು ಸವರಿದಾಗ ಏಳುವ ವಾಸನೆ, ಕೆಂಡಕ್ಕೆ ಆನಿಸಿದ ರೊಟ್ಟಿ ಉಬ್ಬುವುದು, ಇವೆಲ್ಲ ನನ್ನವು ಅನಿಸತೊಡಗಿತು. ಅದಕ್ಕಿಂತ ಹೆಚ್ಚಾಗಿ ಅವ್ವನ ಮಾತು. ಒಲೆಗೆ ಹತ್ತಿಕಟ್ಟಿಗೆ ಮುರಿದು ಹಾಕುತ್ತ, ಬೆಂಕಿಯನ್ನೇ ನೋಡುತ್ತ ಅವಳು ಮಾತಾಡುತ್ತಿದ್ದಳು. ಚಿಕ್ಕಂದಿನಲ್ಲಿ ಹೊಲದಲ್ಲಿ ಶೇಂಗಾ ಕೀಳುವಾಗ ಹಾವು ಕಂಡದ್ದು, ಮದುವೆಯಾಗಿ ಬಂದ ಹೊಸದರಲ್ಲಿ ಅಪ್ಪನ ಮುಖವನ್ನು ನೆಟ್ಟಗೆ ನೋಡಲೂ ಹೆದರುತ್ತಿದ್ದದ್ದು. ಬೇರೆ ಹೊತ್ತಿನಲ್ಲಿ ಅವಳು ಇಷ್ಟು ಮಾತಿನ ಹೆಂಗಸಲ್ಲ.

ಒಂದು ದಿನ ಹೀಗೇ ಹೇಳಿದಳು. “ನಿನಗಿಂತ ಮೊದಲ ಒಂದು ಹೆಣ್ಣಕೂಸಿತ್ತು. ನಡಿಯಾಕ ಕಲ್ತಿತ್ತು. ಜ್ವರ ಬಂದು ಹೋತು.”

ನಾನು ಬಡಿಯುವುದನ್ನು ನಿಲ್ಲಿಸಿದೆ. ಅವಳು ಆ ಕೂಸಿನ ಹೆಸರು ಹೇಳಿದಳು. ಆ ಹೆಸರನ್ನು ನಮ್ಮ ಮನೆಯಲ್ಲಿ ನಾನು ಎಂದೂ ಕೇಳಿರಲಿಲ್ಲ.

“ಅಕಿ ಇದ್ದಿದ್ರ ನೀ ಇಲ್ಲಿ ಕುಂದ್ರೋದು ಬರ್ತಿದ್ದಿಲ್ಲ. ಅಪ್ಪನ ಮುಂದ ಕೇಳಬ್ಯಾಡ, ಅವರಿಗೆ ಸಂಕಟ ಆಕ್ಕೈತಿ. ಬಡಿ, ಹಂಚು ಕಾದೈತಿ.”

ಹೀಗೆ ಎರಡು ವರ್ಷ ಕಳೆಯಿತು. ನಾನು ಹತ್ತನೇ ತರಗತಿಗೆ ಬಂದಾಗ ಅಣ್ಣನಿಗೆ ಮದುವೆ ಮಾಡಿದರು. ಮನೆಗೆ ಒಂದು ಹೆಣ್ಣು ಬೇಕಾಗಿತ್ತು, ಹಾಗಾಗಿ ಯಾರೂ ಬಹಳ ಯೋಚಿಸಲಿಲ್ಲ. ಅತ್ತಿಗೆ ಸಿರುಗುಪ್ಪದವಳು. ನನಗಿಂತ ಒಂದು ವರ್ಷ ದೊಡ್ಡವಳಿರಬೇಕು. ಅವಳ ತವರಿನ ಸುತ್ತ ಕಾಲುವೆ ನೀರಿನ ಭತ್ತದ ಗದ್ದೆ. ಅವರ ಮನೆಯಲ್ಲಿ ಮೂರು ಹೊತ್ತೂ ಅನ್ನ. ಜೋಳದ ರೊಟ್ಟಿ ಅವಳಿಗೆ ಬರುತ್ತಿರಲಿಲ್ಲ.

ಮೊದಲ ದಿನ ಅವಳು ಕಟ್ಟಿಕೊಟ್ಟ ಬುತ್ತಿಯನ್ನು ಅಣ್ಣ ಬಿಚ್ಚಿ ನೋಡಿ, “ಇದನ್ನ ಅಂಗಡ್ಯಾಗ ಹೆಂಗ ಬಿಚ್ಚಲಿ? ಮಂದಿ ನಗ್ತಾರ” ಎಂದು ಅಲ್ಲೇ ಬಿಟ್ಟು ಬಸ್ಸಿಗೆ ಹೋದ. ಅಪ್ಪ ತನ್ನ ಬುತ್ತಿ ತೆಗೆದುಕೊಂಡು ಅವನ ಹಿಂದೆ ನಡೆದ. ಅತ್ತಿಗೆ ಹಿತ್ತಲಿಗೆ ಹೋಗಿ ಪಾತ್ರೆ ತಿಕ್ಕುವ ಕಲ್ಲಿನ ಮೇಲೆ ಕುಳಿತಳು. ಬೂದಿ ಕೈಯಲ್ಲೇ ಕಣ್ಣು ಒರೆಸಿಕೊಳ್ಳುತ್ತಿದ್ದಳು.

“ಹಿಟ್ಟಿಗೆ ಬಿಸಿ ಎಸರು ಕಡಿಮಿ ಆಗೈತ್ರಿ ಅತ್ತಿಗಿ, ಅದಕ್ಕ ಹರೀತೈತಿ” ಅಂದೆ ನಾನು.

ಅವಳು ತಲೆಯೆತ್ತಿದಳು. “ನಿಮಗೆಂಗ ಗೊತ್ತು?”

“ಇಷ್ಟು ದಿನ ನಾನ ಮಾಡ್ತಿದ್ದೆ.”

ಅವಳಿಗೆ ನಂಬಿಕೆಯಾಗಲಿಲ್ಲ. ಒಳಗೆ ಕರೆದು ಮಾಡಿ ತೋರಿಸಿದೆ. ಅಂದಿನಿಂದ ಶಾಲೆ ಬಿಟ್ಟು ಬಂದ ಮೇಲೆ ಸಂಜೆಯ ರೊಟ್ಟಿಗೆ ನಾನು ಅವಳ ಪಕ್ಕದಲ್ಲಿ ಕುಳಿತು ಕಲಿಸತೊಡಗಿದೆ. ಅವ್ವ ಗೋಡೆಗೆ ಒರಗಿ ನಮ್ಮಿಬ್ಬರನ್ನೂ ನೋಡುತ್ತ ಅವರೆ ಸುಲಿಯುತ್ತಿದ್ದಳು. ಅತ್ತಿಗೆಯ ರೊಟ್ಟಿ ಹರಿದರೆ ಮೂವರೂ ನಗುತ್ತಿದ್ದೆವು. ಬೆರಳು ಸುಟ್ಟರೆ ಅವಳು ತವರಿನವರ ಹಾಗೆ ತೆಲುಗಿನಲ್ಲಿ ಏನೋ ಅನ್ನುತ್ತಿದ್ದಳು, ಅದಕ್ಕೂ ನಗುತ್ತಿದ್ದೆವು. ಆ ಮನೆಯಲ್ಲಿ ಅಷ್ಟು ನಗು ನಾನು ಮೊದಲು ಕೇಳಿರಲಿಲ್ಲ.

ಆ ನಗುವನ್ನೇ ಕೇಳಿಸಿಕೊಂಡು ಒಂದು ಸಂಜೆ ನಮ್ಮ ಸೋದರತ್ತೆ ಒಳಗೆ ಬಂದಳು. ಅಪ್ಪನ ಅಕ್ಕ, ಕುಡತಿನಿಯಿಂದ ಬಂದಿದ್ದಳು. ನಮ್ಮನ್ನು ನೋಡಿ ಹೊಸ್ತಿಲಲ್ಲೇ ನಿಂತಳು.

“ಸೊಸಿ ಬಂದ ಮ್ಯಾಲೂ ಗಂಡುಡುಗನ್ನ ಒಲಿ ಮುಂದ ಕುಂದ್ರಸ್ತಿಯೇನು?” ಎಂದು ಅವ್ವನನ್ನು ಕೇಳಿದಳು. ಆಮೇಲೆ ದನಿ ತಗ್ಗಿಸಿ, “ಅತ್ತಿಗಿ ಮೈದುನ ಹಿಂಗ ಕೂಡಿ ನಗೋದು ಚೊಲೊ ಅಲ್ಲ. ಇಬ್ರೂ ವಯಸ್ಸಿಗೆ ಬಂದಾರ. ಮಂದಿ ಏನಂದಾರು?” ಎಂದಳು.

ಅವ್ವ ತಲೆ ತಗ್ಗಿಸಿ ಅವರೆ ಸುಲಿಯತೊಡಗಿದಳು. ಅತ್ತಿಗೆ ಸೆರಗು ಎಳೆದುಕೊಂಡು ಒಲೆಯ ಕಡೆ ತಿರುಗಿದಳು. ನಾನು ಎದ್ದು ಕೈ ತೊಳೆದುಕೊಂಡೆ.

ಮರುದಿನ ಶಾಲೆಯಿಂದ ಬಂದಾಗ ಅವ್ವ ಪಡಸಾಲೆಯಲ್ಲಿ ನನಗಾಗಿ ಕಾಯುತ್ತಿದ್ದಳು. “ಇನ್ನ ನೀ ಇಲ್ಲೇ ಕುಂತು ಓದ್ಕೋಳಪ್ಪ. ಪರೀಕ್ಷಾ ಐತಿ. ಒಳಗ ಅಕಿ ಅದಾಳ” ಎಂದಳು. ನನ್ನನ್ನು ಯಾವಾಗಲೂ “ಲೇ” ಅನ್ನುತ್ತಿದ್ದವಳು ಅಂದು ದೊಡ್ಡವರೊಂದಿಗೆ ಮಾತಾಡುವ ಹಾಗೆ ಮಾತಾಡಿದಳು. ಹೂಂ ಅಂದೆ.

ಪಡಸಾಲೆಯಲ್ಲಿ ಗಂಡಸರ ಜೊತೆ ಊಟಕ್ಕೆ ಕುಳಿತುಕೊಳ್ಳುವುದು ಅಂದಿನಿಂದ ಶುರುವಾಯಿತು. ರೊಟ್ಟಿ ಒಳಗಿನಿಂದ ಬರುತ್ತಿತ್ತು. ದಿನ ಕಳೆದಂತೆ ಚೆನ್ನಾಗಿಯೇ ಬರತೊಡಗಿತು. ಅಣ್ಣ ಬುತ್ತಿ ಬಿಟ್ಟು ಹೋಗುವುದು ನಿಂತಿತು. ಕೆಲಸ ತಪ್ಪಿತೆಂದು ಸಂತೋಷಪಡಬೇಕಾದ ವಯಸ್ಸು ನನ್ನದು. ನನಗೆ ಮಾತ್ರ ಮನೆಯಿಂದ ಅರ್ಧ ಹೊರಗೆ ಹಾಕಿದಂತೆ ಅನಿಸುತ್ತಿತ್ತು. ಅತ್ತಿಗೆ ತಟ್ಟೆ ಇಟ್ಟು ಹೋಗುವಾಗ ಮುಖ ನೋಡುತ್ತಿರಲಿಲ್ಲ. ಅವಳಿಗೂ ಯಾರೋ ಏನೋ ಹೇಳಿರಬೇಕು. ಅವ್ವ ಬಂದು ನನ್ನ ಪಕ್ಕ ಕುಳಿತರೂ, ಕೈಯಲ್ಲಿ ಕೆಲಸವಿಲ್ಲದೆ, ಎದುರಿಗೆ ಬೆಂಕಿಯಿಲ್ಲದೆ, ಇಬ್ಬರಿಗೂ ಮಾತು ಹೊರಡುತ್ತಿರಲಿಲ್ಲ. “ಓದಾಕ ಹತ್ತೀಯೇನು?” “ಹೂಂ.” ಅಷ್ಟಕ್ಕೆ ಮುಗಿಯುತ್ತಿತ್ತು.

ಕಾಲೇಜಿಗೆ ನಾನು ಬಳ್ಳಾರಿಗೆ ಹೋದೆ. ಅಪ್ಪ, ಅಣ್ಣನ ಹಾಗೆ ದಿನಾ ಬಸ್ಸಿನಲ್ಲಿ ಓಡಾಡಬಹುದಿತ್ತು, ಆದರೂ ಅಲ್ಲೇ ಇರುತ್ತೇನೆಂದೆ. ಕೌಲ್ ಬಜಾರಿನಲ್ಲಿ, ಕೆಳಗೆ ಸೈಕಲ್ ರಿಪೇರಿ ಅಂಗಡಿಯಿದ್ದ ಒಂದು ಕೋಣೆ. ಒಬ್ಬನೇ ಅಡುಗೆ ಮಾಡಿಕೊಳ್ಳುತ್ತಿದ್ದೆ. ಎರಡನೇ ವರ್ಷದಲ್ಲಿ ಅವ್ವ ಹಾಸಿಗೆ ಹಿಡಿದಳು. ಹೊಟ್ಟೆಯಲ್ಲಿ ಗಡ್ಡೆ ಎಂದರು. ರಜೆಗೆ ಊರಿಗೆ ಹೋದಾಗ ಬಹಳ ಇಳಿದುಹೋಗಿದ್ದಳು. ಅತ್ತಿಗೆ ಅವಳಿಗೆ ತಲೆ ಬಾಚುತ್ತಿದ್ದಳು, ಚಮಚದಲ್ಲಿ ಗಂಜಿ ಕುಡಿಸುತ್ತಿದ್ದಳು. ಹೊಟ್ಟೆಯ ಮಗಳೂ ಅಷ್ಟು ಮಾಡುತ್ತಿದ್ದಳೋ ಇಲ್ಲವೋ. ನಾನು ಗಂಜಿ ಕಾಯಿಸಲು ಎದ್ದರೆ ಅಪ್ಪ, “ನೀ ಕುಂದ್ರು, ಅಕಿ ಮಾಡ್ತಾಳ” ಅನ್ನುತ್ತಿದ್ದ.

ಹೊರಡುವ ದಿನ ಮಧ್ಯಾಹ್ನ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅವ್ವ ಕಣ್ಣು ತೆರೆದು, “ಅಲ್ಲಿ ಊಟಕ್ಕ ಏನ್ ಮಾಡ್ಕೋತೀ?” ಎಂದಳು.

“ಅನ್ನ. ಒಮ್ಮೊಮ್ಮಿ ಪುಂಡಿಪಲ್ಯ.”

“ಹೆಂಗ ಮಾಡ್ತೀ, ಹೇಳು.”

ಹೇಳಿದೆ. ಸೊಪ್ಪು ಬೇಯಿಸಿ ಹುಳಿ ನೀರು ಬಸಿಯುವುದು, ನುಚ್ಚು ಹಾಕುವುದು, ಬೆಳ್ಳುಳ್ಳಿ ಒಗ್ಗರಣೆ.

“ನುಚ್ಚು ಮೊದಲ ನೆನಿಸಿಡಬೇಕು. ಇಲ್ಲಂದ್ರ ಗಂಟಾಕ್ಕೈತಿ.”

“ಹೂಂ.”

“ಹಸಿಮೆಣಸಿನಕಾಯಿ ಜಜ್ಜಿ ಹಾಕ್ತೀಯೋ, ಹೆಚ್ಚಿ ಹಾಕ್ತೀಯೋ?”

“ಜಜ್ಜಿ.”

“ಚೊಲೊ ಆತು” ಎಂದು ಕಣ್ಣು ಮುಚ್ಚಿದಳು. ನಿದ್ದೆ ಬಂತೆಂದು ತಿಳಿದು ಸುಮ್ಮನಾದೆ. “ಹೇಳು ಮುಂದ” ಅಂದಳು. ಬಸ್ಸಿನ ಹೊತ್ತಾಗುವತನಕ ನಾನು ಒಂದೊಂದೇ ಅಡುಗೆಯ ಕಥೆ ಹೇಳುತ್ತ ಕುಳಿತೆ. ಅವಳೊಂದಿಗೆ ನಾನು ಆಡಿದ ಕೊನೆಯ ಮಾತುಗಳು ಅವು. ಮುಂದಿನ ವಾರ ಊರಿಂದ ಸುದ್ದಿ ಬಂದು ಅಣ್ಣ ಅಂಗಡಿಯಿಂದ ನೇರ ನನ್ನ ಕೋಣೆಗೆ ಬಂದು, ಬಾಗಿಲಲ್ಲೇ ನಿಂತು, “ನಡಿ, ಊರಿಗೆ ಹೋಗೂಣು” ಅಂದ. ಏನಾಯಿತೆಂದು ಕೇಳಬೇಕಾಗಿರಲಿಲ್ಲ.

ಅವ್ವನನ್ನು ಮಣ್ಣು ಮಾಡಿದ ಮೇಲೆ ಕೆಲವು ದಿನ ಅಕ್ಕಪಕ್ಕದವರು ಅಡುಗೆ ತಂದುಕೊಟ್ಟರು. ಆಮೇಲೆ ಒಂದು ಬೆಳಿಗ್ಗೆ ಅತ್ತಿಗೆ ಮತ್ತೆ ಒಲೆ ಹಚ್ಚಿದಳು. ಒಬ್ಬಳೇ ಅಳುತ್ತಿದ್ದದ್ದು ನನಗೆ ಕೇಳಿಸಿತು. ಎದ್ದು ಅಡುಗೆಮನೆಯ ಬಾಗಿಲಿಗೆ ಹೋದೆ. ಅವಳು ನನ್ನನ್ನು ನೋಡಿ, ಪಕ್ಕದಲ್ಲಿದ್ದ ಮಣೆಯನ್ನು ಸ್ವಲ್ಪ ನನ್ನ ಕಡೆ ಸರಿಸಿದಳು.

ನನ್ನ ಹಿಂದೆ ಪಡಸಾಲೆಯಲ್ಲಿ ಸೋದರತ್ತೆ, ಅಪ್ಪ, ಬಂಧುಗಳು ಕುಳಿತಿದ್ದರು. ನಾನು ಅಲ್ಲೇ ಸ್ವಲ್ಪ ಹೊತ್ತು ನಿಂತು, ಒಂದು ಲೋಟ ನೀರು ಕೇಳಿ ಕುಡಿದು, ಹೊರಗೆ ಬಂದು ಅವರ ನಡುವೆ ಕುಳಿತೆ.